ಹಳೆಯ ಟಾಪ್ ಲೋಡ್ ಯಂತ್ರ: ಅಜಿಟೇಟರ್‌ನ ಮೇಲ್ಭಾಗ ತಿರುಗುತ್ತಿಲ್ಲ, ಮೇಲಿನ ಬಟ್ಟೆ ಕೊಳೆಯಾಗಿಯೇ ಉಳಿಯುತ್ತಿದೆ

ತೋಟದಮನೆ_ಗೋಣಿಕೊಪ್ಪ

ಅಮೆರಿಕದಿಂದ ತಂದ, ಮೇಲಿನಿಂದ ಬಟ್ಟೆ ಹಾಕುವ ಹಳೆಯ ಟಾಪ್ ಲೋಡ್ ಒಗೆಯುವ ಯಂತ್ರ. ಬೆಲ್ಟ್ ಇಲ್ಲ, ಡೈರೆಕ್ಟ್ ಡ್ರೈವ್. 110 ವೋಲ್ಟ್‌ನದ್ದು, ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುವುದು. ಟಬ್ಬಿನ ನಡುವೆ ನಿಂತು ಬಟ್ಟೆ ಮಗುಚುವ ಅಜಿಟೇಟರ್ ಎರಡು ತುಂಡಿನದು: ಕೆಳಗೆ ಅಗಲ ರೆಕ್ಕೆ, ಮೇಲೆ ಸ್ಕ್ರೂ ಸುತ್ತಿನ ಕಂಬ. ಈಗ ಕೆಳಗಿನದು ಅತ್ತಿತ್ತ ಚೆನ್ನಾಗಿ ಆಡುತ್ತದೆ, ಮೇಲಿನದು ನಿಂತಲ್ಲೇ ಅದುರುತ್ತದೆ ಅಷ್ಟೆ. ಮೇಲೆ ಹಾಕಿದ ಬಟ್ಟೆ ಕೆಳಗಿಳಿಯುವುದೇ ಇಲ್ಲ, ಸೋಪಿನ ಪುಡಿ ಮಡಿಕೆಯಲ್ಲಿ ಹಾಗೇ ಸಿಗುತ್ತದೆ. ಸ್ಪಿನ್ ಆದ ಮೇಲೂ ಬಟ್ಟೆ ಭಾರವಾಗಿರುತ್ತದೆ. ಗೇರ್ ಬಾಕ್ಸ್ ಹೋಗಿದೆ, ಗುಜರಿಗೆ ಹಾಕಿ ಅನ್ನುತ್ತಿದ್ದಾರೆ. ಜೂನ್ ಹತ್ತಿರ ಬಂತು. ರಿಪೇರಿ ಮಾಡಬಹುದಾ, ಅಥವಾ ಕಂಬದ ಬದಲು ತಳದ ತಟ್ಟೆ ತಿರುಗುವ ಹೊಸ ಪಲ್ಸೇಟರ್ ಯಂತ್ರವೇ ವಾಸಿಯಾ?

ರಿಪೇರಿ_ಮಡಿಕೇರಿ

ಗುಜರಿಗೆ ಹಾಕಬೇಡಿ ಸರ್. ಕೆಳಭಾಗ ಪೂರ್ತಿ ಬಲದಿಂದ ಆಡುತ್ತಿದೆ ಎಂದರೆ ಮೋಟರ್, ಗೇರ್ ಬಾಕ್ಸ್, ಅವೆರಡನ್ನು ಸೇರಿಸುವ ಕಪ್ಲರ್ ಮೂರೂ ಸರಿಯಿವೆ. ಹೋಗಿರುವುದು ಮೇಲಿನ ತುಂಡನ್ನು ಹಿಡಿದು ತಿರುಗಿಸುವ ನಾಲ್ಕು ಪುಟ್ಟ ಪ್ಲಾಸ್ಟಿಕ್ ಕಚ್ಚುಗಳು. ಬಿಡಿಭಾಗದ ಅಂಗಡಿಯಲ್ಲಿ ಅದಕ್ಕೆ ಡಾಗ್ ಅನ್ನುತ್ತಾರೆ.

ಅದರ ಕೆಲಸ ಇಷ್ಟು. ಕೆಳಗಿನ ರೆಕ್ಕೆ ಒಂದು ದಿಕ್ಕಿಗೆ ಹೋಗುವಾಗ ಡಾಗ್‌ಗಳು ಹೊರಕ್ಕೆ ಚಾಚಿ ಮೇಲಿನ ತುಂಡಿನ ಒಳಹಲ್ಲನ್ನು ಕಚ್ಚುತ್ತವೆ, ಮೇಲಿನದೂ ಜೊತೆಗೆ ತಿರುಗುತ್ತದೆ. ರೆಕ್ಕೆ ವಾಪಸ್ ಬರುವಾಗ ಕಚ್ಚು ಬಿಡುತ್ತವೆ, ಮೇಲಿನದು ಇದ್ದಲ್ಲೇ ಇರುತ್ತದೆ. ಹೀಗೆ ಅದು ಸ್ವಲ್ಪ ಸ್ವಲ್ಪವೇ ಒಂದೇ ದಿಕ್ಕಿಗೆ ಸರಿದು, ಸ್ಕ್ರೂ ಸುತ್ತು ಬಟ್ಟೆಯನ್ನು ಕೆಳಕ್ಕೆ ತಳ್ಳುತ್ತದೆ. ಡಾಗ್‌ನ ಹಲ್ಲು ಸವೆದು ದುಂಡಗಾದರೆ ಕಚ್ಚು ಜಾರುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ.

ಖಚಿತ ಮಾಡಿಕೊಳ್ಳಲು ಪ್ಲಗ್ ತೆಗೆದು, ಒಂದು ಕೈಯಲ್ಲಿ ಕೆಳಗಿನ ರೆಕ್ಕೆ ಹಿಡಿದು ಇನ್ನೊಂದರಲ್ಲಿ ಮೇಲಿನದನ್ನು ತಿರುಗಿಸಿ. ಒಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ದಿಕ್ಕಿಗೆ ತಕ್ಷಣ ಕಚ್ಚಿ ನಿಲ್ಲಬೇಕು. ಎರಡೂ ಕಡೆ ಸಲೀಸಾಗಿ ತಿರುಗಿದರೆ ಡಾಗ್ ಮುಗಿದಿದೆ.

ಬಿಚ್ಚುವ ಕ್ರಮ:

ಮೇಲಿನ ಮುಚ್ಚಳ ಅಥವಾ ಸಾಫ್ಟ್‌ನರ್ ಹಾಕುವ ಬಟ್ಟಲನ್ನು ನೆಟ್ಟಗೆ ಎಳೆದು ತೆಗೆಯಿರಿ. ಅದರ ಕೆಳಗೆ ಇನ್ನೊಂದು ಒಳಮುಚ್ಚಳ ಇರುತ್ತದೆ, ರಬ್ಬರ್ ರಿಂಗ್ ಜೊತೆಗೆ. ಆ ರಿಂಗ್ ಕಳೆಯಬೇಡಿ, ಹರಿದಿದ್ದರೆ ಬದಲಿಸಿ. ಅದಿಲ್ಲದಿದ್ದರೆ ಸೋಪಿನ ನೀರು ಒಳಗಿಳಿದು ಬೋಲ್ಟ್ ತುಕ್ಕು ಹಿಡಿದು ಕೂರುತ್ತದೆ, ಮುಂದಿನ ಸಲ ಬಿಚ್ಚುವವರಿಗೆ ದೊಡ್ಡ ಕಷ್ಟ.

ಆಳದಲ್ಲಿ ಒಂದೇ ಬೋಲ್ಟ್ ಕಾಣುತ್ತದೆ. ವರ್ಲ್‌ಪೂಲ್, ಕೆನ್‌ಮೋರ್ ಹೆಸರಿನ ಡೈರೆಕ್ಟ್ ಡ್ರೈವ್‌ಗಳಲ್ಲಿ ಅದು 7/16 ಇಂಚಿನದು. ನಮ್ಮ ಕಡೆಯ ಸಾಕೆಟ್ ಸೆಟ್‌ನಲ್ಲಿ 11 ಎಂ.ಎಂ. ಬಿಗಿಯಾಗುತ್ತದೆ, 12 ಜಾರುತ್ತದೆ. 12 ಹಾಕಿ ಬೋಲ್ಟ್‌ನ ತಲೆ ಕೆಡಿಸುವ ಬದಲು 7/16ರ ಸಾಕೆಟ್ ಒಂದನ್ನೇ ಬಿಡಿಯಾಗಿ ತನ್ನಿ. ಉದ್ದನೆಯ ಎಕ್ಸ್‌ಟೆನ್ಶನ್ ರಾಡ್ ಬೇಕೇ ಬೇಕು.

ಬೋಲ್ಟ್ ಬಂದ ಮೇಲೆ ಇಡೀ ಅಜಿಟೇಟರ್ ನೆಟ್ಟಗೆ ಮೇಲಕ್ಕೆ ಬರಬೇಕು. ಬರದಿದ್ದರೆ ರೆಕ್ಕೆ ಮುಳುಗುವಷ್ಟು ಬಿಸಿನೀರು ತುಂಬಿ ಸ್ವಲ್ಪ ಹೊತ್ತು ಬಿಡಿ. ಕೆಳಗೆ ಗಟ್ಟಿ ಕೂತ ಸೋಪು ಕರಗುತ್ತದೆ, ಪ್ಲಾಸ್ಟಿಕ್ ಸಹ ತುಸು ಹಿಗ್ಗುತ್ತದೆ. ಆಮೇಲೆ ಹಳೆಯ ಚರ್ಮದ ಬೆಲ್ಟನ್ನೋ ದಪ್ಪ ಹಗ್ಗವನ್ನೋ ರೆಕ್ಕೆಯ ಅಡಿಗೆ ಎರಡೂ ಕಡೆಯಿಂದ ಹಾಕಿ ಸಮನಾಗಿ ಎತ್ತಿ. ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ. ಟಬ್ಬಿನ ಎನಾಮಲ್ ಒಂದು ಚೂರು ಎದ್ದರೂ ಸಾಕು, ನಮ್ಮ ತೇವಕ್ಕೆ ಅಲ್ಲಿಂದಲೇ ತುಕ್ಕು ಹಬ್ಬಿ ಬಿಳಿ ಬಟ್ಟೆಗೆಲ್ಲ ಕಂದು ಕಲೆ.

ಮೇಲಿನ ತುಂಡು ಬಿಡಿಸಿದರೆ ನಡುವೆ ಡಾಗ್‌ಗಳು ಕೂರುವ ತುಂಡು, ಅಂದರೆ ಕ್ಯಾಮ್, ಅದರ ಸುತ್ತ ನಾಲ್ಕು ಡಾಗ್. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಎರಡು ಚೆನ್ನಾಗಿ ಕಂಡರೂ ಸರಿ. ಹಳೆಯದು ಯಾವ ದಿಕ್ಕಿಗೆ ಮುಖ ಮಾಡಿತ್ತೋ ಹೊಸದೂ ಹಾಗೇ ಕೂರಬೇಕು, ಆದ್ದರಿಂದ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಕ್ಯಾಮ್‌ನ ಅಂಚು ಸವೆದಿದ್ದರೆ ಡಾಗ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಕ್ಯಾಮ್ ಸಹಿತ ಕಿಟ್ ತರಿಸಿ.

ಅಜಿಟೇಟರ್ ಕೈಯಲ್ಲಿರುವಾಗಲೇ ಅದರ ಒಳಗಿನ ಸ್ಪ್ಲೈನ್ ನೋಡಿ. ಶಾಫ್ಟ್ ಮೇಲೆ ಕೂರುವ ಉದ್ದುದ್ದ ಹಲ್ಲುಗಳು ಚೂಪಾಗಿರಬೇಕು. ಅವು ಸವೆದರೆ ಶಾಫ್ಟ್ ಆಡುತ್ತದೆ, ರೆಕ್ಕೆ ಅರ್ಧಂಬರ್ಧ ಆಡುತ್ತದೆ, ಲೋಡ್ ಹಾಕಿದೊಡನೆ ನಿಲ್ಲುತ್ತದೆ. ಅದನ್ನು ಅಂಟು ಹಾಕಿ ಸರಿಮಾಡಲು ಹೋಗಬೇಡಿ, ಕೆಳಭಾಗವನ್ನೇ ಬದಲಿಸಬೇಕು.

ಸುಂಟಿಕೊಪ್ಪ_7

ಡಾಗ್‌ಗೆ ಗ್ರೀಸ್ ಹಚ್ಚಿದರೆ ಹೆಚ್ಚು ದಿನ ಬಾಳುವುದಿಲ್ವಾ ಅಣ್ಣ?

ರಿಪೇರಿ_ಮಡಿಕೇರಿ

ಬೇಡ. ಅದು ಒಣಗಿಯೇ ಕೆಲಸ ಮಾಡಬೇಕು. ಗ್ರೀಸಿಗೆ ಬಟ್ಟೆಯ ಜುಂಗು, ಕೂದಲು ಅಂಟಿ ಮುದ್ದೆಯಾದರೆ ಡಾಗ್ ಹೊರಕ್ಕೆ ಚಾಚುವುದಿಲ್ಲ, ಹೊಸದೂ ಜಾರುತ್ತದೆ. ಬೆಚ್ಚಗಿನ ನೀರಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ಒರೆಸಿ ಜೋಡಿಸಿ. ಗ್ರೀಸ್ ಬೇಕಿದ್ದರೆ ಶಾಫ್ಟ್‌ನ ಸ್ಪ್ಲೈನ್ ಮೇಲೆ ತೆಳ್ಳಗೆ, ನೀರಿಗೆ ಕರಗದ ಸಿಲಿಕೋನ್ ಗ್ರೀಸ್. ಮುಂದೆ ಎತ್ತುವುದು ಸುಲಭ.

ವೈಂಡಿಂಗ್_ಸೋಮವಾರಪೇಟೆ

ಅಜಿಟೇಟರ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಸ್ಪಿನ್ ಸಾಲದು ಅನ್ನುವುದರ ಕಾರಣ ಬೇರೆ, ಅದು ಡಾಗ್ ಬದಲಿಸಿದರೂ ಹೋಗುವುದಿಲ್ಲ.

ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110 ಮಾಡುತ್ತದೆ, ಆದರೆ ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಮೆರಿಕದ ಲೈನ್ 60 ಹರ್ಟ್ಸ್, ನಮ್ಮದು 50. ಈ ಹಳೆಯ ಮೋಟರ್‌ಗಳ ವೇಗ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿದೆ. ಅಲ್ಲಿ ನಿಮಿಷಕ್ಕೆ 1,725 ಸುತ್ತು ಓಡುವ ಮೋಟರ್ ಇಲ್ಲಿ 1,430ರ ಆಸುಪಾಸು ಓಡುತ್ತದೆ, ಅಂದರೆ ಆರರಲ್ಲಿ ಐದು ಪಾಲು. ಅಜಿಟೇಟರ್‌ನ ಹೊಡೆತವೂ ಅಷ್ಟೇ ಕಡಿಮೆ. ಸ್ಪಿನ್ 640 ಇದ್ದದ್ದು 530ಕ್ಕೆ ಇಳಿಯುತ್ತದೆ. ನೀರನ್ನು ಹೊರಕ್ಕೆ ಎಸೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು 69 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಬಟ್ಟೆ ಭಾರವಾಗಿ ಬರುವುದು ಇದಕ್ಕೇ.

ಟೈಮರ್‌ನ ಮೋಟರ್ ಕೂಡ ಅದೇ ಲೆಕ್ಕದಲ್ಲಿ ನಿಧಾನ. ಡಯಲ್ ಮೇಲೆ 12 ನಿಮಿಷ ಅಂತ ಬರೆದಿದ್ದರೆ ನಿಜಕ್ಕೂ 14 ನಿಮಿಷ 24 ಸೆಕೆಂಡ್. ಒಗೆತದ ಮಟ್ಟಿಗೆ ಇದು ಒಳ್ಳೆಯದೇ ಆಯಿತು: ಹೊಡೆತ ನಿಧಾನವಾದರೂ ಒಟ್ಟು ಹೊಡೆತಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಸ್ಪಿನ್‌ನಲ್ಲಿ ಮಾತ್ರ ಹೆಚ್ಚಿನ ಸಮಯ ಆ ಬಲದ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ.

ಇನ್ನೊಂದು ಮುಖ್ಯ ಮಾತು. 60 ಹರ್ಟ್ಸ್‌ನ ಮೋಟರ್‌ಗೆ 50 ಹರ್ಟ್ಸ್‌ನಲ್ಲಿ ಪೂರ್ತಿ 120 ವೋಲ್ಟ್ ಕೊಟ್ಟರೆ ಅದರ ಕಬ್ಬಿಣದಲ್ಲಿ ಕಾಂತಶಕ್ತಿ ಹಿಡಿಸುವಷ್ಟೂ ತುಂಬಿ, ಮೋಟರ್ ಕರೆಂಟ್ ಹೆಚ್ಚು ಎಳೆದು ಬಿಸಿಯಾಗುತ್ತದೆ. ಸ್ಪಿನ್ ನಡುವೆ ಮೋಟರ್ ತಾನಾಗಿ ನಿಂತು, ತಣ್ಣಗಾದ ಮೇಲೆ ಮತ್ತೆ ಹೊರಡುತ್ತಿದ್ದರೆ ಓವರ್‌ಲೋಡ್ ಕಟ್ ಆಗುತ್ತಿದೆ ಎಂದರ್ಥ. 120ರ ಆರರಲ್ಲಿ ಐದು ಪಾಲು 100. ಆದ್ದರಿಂದ 100, 110, 120 ವೋಲ್ಟ್ ಆರಿಸಿಕೊಳ್ಳಲು ಮೂರೂ ಟ್ಯಾಪ್ (ತಂತಿಯ ತುದಿ) ಇರುವ ಟ್ರಾನ್ಸ್‌ಫಾರ್ಮರ್ ಕಟ್ಟಿಸಿ 100ರಲ್ಲಿ ಓಡಿಸಿ. ಸೈಜು 2 ಕೆ.ವಿ.ಎ.ಗಿಂತ ಕಡಿಮೆ ಬೇಡ, 3 ಇದ್ದರೆ ನಿಶ್ಚಿಂತೆ; ಹೊರಡುವ ಗಳಿಗೆಯಲ್ಲಿ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗ, ಆದರೆ ಅದರಲ್ಲಿ ಲೈನ್ ಪ್ರತ್ಯೇಕವಾಗುವುದಿಲ್ಲ. ಒದ್ದೆ ನೆಲದ ಮೇಲಿರುವ ಯಂತ್ರಕ್ಕೆ ತಂತಿಯ ಎರಡು ಸುತ್ತು ಬೇರೆ ಬೇರೆ ಇರುವ ಟ್ರಾನ್ಸ್‌ಫಾರ್ಮರನ್ನೇ ಹಾಕಿ. ಯಂತ್ರದ ಬಾಡಿಗೆ ಸರಿಯಾದ ಅರ್ತ್ ಕೊಡಿ, ಮನೆಯ ಲೈನಿಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಹಾಕಿಸಿ.

ತೋಟದೊಳಗೆ ಉದ್ದ ಎಳೆದ ಲೈನ್‌ಗಳಲ್ಲಿ ಸಂಜೆ 170 ವೋಲ್ಟ್ ಬರುವುದುಂಟು. ಮೋಟರ್‌ನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230ರ ಕಡೆ 170 ಬಂದರೆ ಬಲ ಸುಮಾರು 55 ಶೇಕಡಾ. ಆಗ ತುಂಬಿದ ಟಬ್ಬಿನ ಯಂತ್ರ ಗುಂಯ್ ಅಂದು ನಿಲ್ಲುತ್ತದೆ. ಸ್ಟೆಬಿಲೈಸರ್ ಇಲ್ಲದಿದ್ದರೆ ಹಗಲಲ್ಲೇ ಒಗೆಯಿರಿ.

ತೋಟದಮನೆ_ಗೋಣಿಕೊಪ್ಪ

ಬೆಲ್ಟ್ ಯಂತ್ರವಾಗಿದ್ದರೆ ವೇಗ ಸರಿಮಾಡಬಹುದಿತ್ತಾ ಸರ್?

ವೈಂಡಿಂಗ್_ಸೋಮವಾರಪೇಟೆ

ಹೌದು. ಮೋಟರ್ ಪುಲ್ಲಿಯ ಅಳತೆಯನ್ನು ಐದಕ್ಕೆ ಆರರ ಲೆಕ್ಕದಲ್ಲಿ ದೊಡ್ಡದು ಮಾಡಿದರೆ ಹೊಡೆತ, ಸ್ಪಿನ್ ಎರಡೂ ಮೊದಲಿನಂತಾಗುತ್ತವೆ. 50 ಎಂ.ಎಂ. ಇದ್ದರೆ 60. ಆದರೆ ಮೋಟರ್ ಮೇಲೆ ಭಾರವೂ ಅಷ್ಟೇ ಏರುತ್ತದೆ, ಹಾಗಾಗಿ ಟಬ್ ಪೂರ್ತಿ ತುಂಬಬಾರದು. ನಿಮ್ಮದರಲ್ಲಿ ಮೋಟರ್ ನೇರವಾಗಿ ಗೇರ್ ಬಾಕ್ಸಿಗೆ ಸೇರಿದೆ, ಬದಲಿಸಲು ಪುಲ್ಲಿಯೇ ಇಲ್ಲ. ಮಳೆಗಾಲಕ್ಕೆ ಬೇರೆ ಸ್ಪಿನ್ನರ್ ಇಟ್ಟುಕೊಳ್ಳಿ. ಸೆಮಿ ಆಟೋಮ್ಯಾಟಿಕ್‌ನ ಒಣಗಿಸುವ ಟಬ್ ಚಿಕ್ಕದಾದರೂ ನಿಮಿಷಕ್ಕೆ 1,300ರ ಸುತ್ತ ತಿರುಗುತ್ತದೆ, ಮಡಿಕೇರಿಯ ಜುಲೈಗೆ ಅದರ ಉಪಕಾರ ದೊಡ್ಡದು.

ವಿರಾಜಪೇಟೆ_ಗೃಹಿಣಿ

ಡಾಗ್ ಸರಿಯಾದ ಮೇಲೂ ಬಟ್ಟೆ ಹಾಕುವ ರೀತಿ ತಪ್ಪಿದರೆ ಅಜಿಟೇಟರ್ ಏನೂ ಮಾಡಲಾರದು. ಅದು ಬಟ್ಟೆಯನ್ನು ಹೊಡೆದು ಕೊಳೆ ತೆಗೆಯುವುದಲ್ಲ. ಬಟ್ಟೆ ಕಂಬದ ಬುಡಕ್ಕೆ ಇಳಿದು, ರೆಕ್ಕೆ ಅದನ್ನು ಹೊರಕ್ಕೆ ತಳ್ಳಿ, ಟಬ್ಬಿನ ಗೋಡೆಯ ಪಕ್ಕದಲ್ಲಿ ಮೇಲೆದ್ದು, ಮತ್ತೆ ಕಂಬದ ಕಡೆ ಬರಬೇಕು. ಈ ಸುತ್ತು ನಡೆದರೆ ಮಾತ್ರ ಎಲ್ಲ ಬಟ್ಟೆಗೂ ಸಮನಾದ ಒಗೆತ.

ನೋಡಬೇಕೆಂದರೆ ಬಿಳಿ ಬಟ್ಟೆಗಳ ನಡುವೆ ಬಣ್ಣ ಬಿಡದ ಒಂದು ಕೆಂಪು ಕರವಸ್ತ್ರವನ್ನು ಕಂಬಕ್ಕೆ ತಾಗಿದಂತೆ ಮೇಲೆ ಇಡಿ. ಮುಚ್ಚಳ ತೆರೆದರೂ ಒಗೆಯುವ ಯಂತ್ರವಾದರೆ ನೋಡುತ್ತಾ ನಿಲ್ಲಿ. ಅದರ ತುದಿ ಮೊದಲು ಕಂಬದ ಸುತ್ತಿನೊಳಗೆ ಸೆಳೆದುಕೊಳ್ಳುತ್ತದೆ, ನಾಲ್ಕೈದು ಹೊಡೆತದಲ್ಲಿ ಪೂರ್ತಿ ಮುಳುಗುತ್ತದೆ, ಆಮೇಲೆ ಒಂದೆರಡು ನಿಮಿಷದೊಳಗೆ ಟಬ್ಬಿನ ಅಂಚಿನಲ್ಲಿ ಎಲ್ಲಾದರೂ ತೇಲಬೇಕು. ತೇಲದಿದ್ದರೆ ಲೋಡ್ ಜಾಸ್ತಿ ಅಥವಾ ನೀರು ಕಡಿಮೆ. ಎರಡು ಬಟ್ಟೆ ತೆಗೆದು ನೋಡಿ, ಆಗಲೂ ಆಗದಿದ್ದರೆ ನೀರಿನ ಮಟ್ಟ ಏರಿಸಿ.

ಬಟ್ಟೆಯನ್ನು ಕಂಬದ ಸುತ್ತ ಸಡಿಲವಾಗಿ ಇಳಿಬಿಡಬೇಕು, ಕಂಬಕ್ಕೆ ಸುತ್ತಬಾರದು, ಕೈಯಿಂದ ಒತ್ತಿ ತುಂಬಲೂ ಬಾರದು. ಐದೂವರೆ ಮೀಟರ್ ಸೀರೆಯನ್ನು ಬಿಡಿಯಾಗಿ ಹಾಕಿದರೆ ಕಂಬಕ್ಕೆ ಸುತ್ತಿಕೊಂಡು ಹಗ್ಗವಾಗುತ್ತದೆ, ಎಳೆದು ಬಿಡಿಸುವಾಗ ಅಂಚು ಹರಿಯುತ್ತದೆ. ಕಾಟನ್ ಸೀರೆಯಾದರೆ ಮಡಿಸಿ ಬಲೆಯ ಚೀಲದಲ್ಲಿ ಹಾಕಿ ಜೆಂಟಲ್‌ನಲ್ಲಿ ತಿರುಗಿಸಿ. ರೇಷ್ಮೆ, ಕೊಡವರ ಉಡುಪಾದ ಕುಪ್ಯಚೇಲೆ, ಉಲ್ಲನ್ ಕೋಟು ಇವು ಅಜಿಟೇಟರ್ ಹತ್ತಿರವೂ ಹೋಗಬಾರದು. ದಪ್ಪ ಕಂಬಳಿಯೂ ಬೇಡ. ರೇನ್‌ಕೋಟ್, ಪ್ಲಾಸ್ಟಿಕ್ ಲೇಪನದ ಜಾಕೆಟ್ ಹಾಕಿದರೆ ನೀರು ಅದರೊಳಗೆ ನಿಂತು ಸ್ಪಿನ್‌ನಲ್ಲಿ ಟಬ್ ಒಂದು ಕಡೆ ವಾಲಿ ಯಂತ್ರವೇ ಕುಣಿದು ಬಿಡುತ್ತದೆ.

ಪುಡಿಯ ಅಳತೆಯ ಬಗ್ಗೆ: ನಮ್ಮ ತೊರೆ, ಬಾವಿಯ ನೀರು ಬಹಳ ಕಡೆ ಮೆದು. ಪ್ಯಾಕೆಟ್ಟಿನ ಮೇಲಿನ ಅಳತೆಯ ಅರ್ಧದಿಂದ ಶುರು ಮಾಡಿ. ನೊರೆ ಹೆಚ್ಚಾದರೆ ಬಟ್ಟೆ ನೊರೆಯ ಮೇಲೆ ತೇಲುತ್ತದೆ, ರೆಕ್ಕೆಗೆ ಸಿಗುವುದೇ ಇಲ್ಲ. ಸ್ಪಿನ್‌ನಲ್ಲೂ ಎರಡು ಟಬ್ಬಿನ ನಡುವೆ ನೊರೆ ಸಿಕ್ಕಿ ವೇಗ ಏರಲು ಬಿಡುವುದಿಲ್ಲ. ಕೈಯಲ್ಲಿ ಒಗೆಯುವ ಪುಡಿ ಬಳಸಲೇಬೇಡಿ. ತೋಟದ ಬಟ್ಟೆಯ ಕೆಂಪು ಮಣ್ಣನ್ನು ಮೊದಲು ತಣ್ಣೀರಲ್ಲಿ ಜಾಲಿಸಿ ಹಾಕಿ. ಜಿಗಣೆ ಕಚ್ಚಿದ ರಕ್ತದ ಕಲೆಗೂ ತಣ್ಣೀರೇ. ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ.

ಹಳೆಯಂತ್ರ_ಪ್ರಿಯ

ಅಜಿಟೇಟರ್ ಎಲ್ಲ ಒಂದೇ ಅಲ್ಲ, ಆಕಾರಕ್ಕೆ ತಕ್ಕ ಗುಣ. 1922ರಲ್ಲಿ ಮೇಟ್ಯಾಗ್ ಕಂಪನಿ ಗೈರಾಫೋಮ್ ತಂದಾಗ ಅಜಿಟೇಟರನ್ನು ಟಬ್ಬಿನ ತಳಕ್ಕೆ ಇಳಿಸಿತು. ಅದಕ್ಕೆ ಮುಂಚಿನ ಯಂತ್ರಗಳು ಬಟ್ಟೆಯನ್ನು ನೀರಿನಲ್ಲಿ ಎಳೆದಾಡುತ್ತಿದ್ದವು; ಇದು ನೀರನ್ನು ಬಟ್ಟೆಯ ಮೂಲಕ ಹಾಯಿಸಿತು. ನಾಲ್ಕು ರೆಕ್ಕೆಯ ನೇರ ಕಂಬ ಆಮೇಲೆ ದಶಕಗಟ್ಟಲೆ ಹೆಚ್ಚು ಬದಲಾಗಲಿಲ್ಲ. 1947ರಲ್ಲಿ ಫ್ರಿಜಿಡೇರ್ ಪೂರ್ತಿ ಬೇರೆ ದಾರಿ ಹಿಡಿಯಿತು: ಅದರ ಅಜಿಟೇಟರ್ ತಿರುಗುವುದೇ ಇಲ್ಲ, ಮೇಲೆ ಕೆಳಗೆ ಕುಟ್ಟುತ್ತದೆ.

ಹಳೆಯ ಬೆಲ್ಟ್ ಯಂತ್ರಗಳಲ್ಲಿ ಹೊಡೆತ ನಿಧಾನ, ನಿಮಿಷಕ್ಕೆ 60–70, ಆದರೆ ಅರ್ಧ ಸುತ್ತಿನಷ್ಟು ಅಗಲ. ಅಗಲ ಹೊಡೆತಕ್ಕೆ ಒಂದೇ ತುಂಡಿನ ನೇರ ಅಜಿಟೇಟರ್ ಸಾಕು, ಬಟ್ಟೆ ತಾನಾಗಿ ಮಗುಚುತ್ತದೆ. ಡೈರೆಕ್ಟ್ ಡ್ರೈವ್‌ನಲ್ಲಿ ಹೊಡೆತ ಚಿಕ್ಕದು, ಚುರುಕು. ಅಷ್ಟು ಚಿಕ್ಕ ಹೊಡೆತದಲ್ಲಿ ಮೇಲಿನ ಬಟ್ಟೆ ಇಳಿಯುವುದಿಲ್ಲವೆಂದೇ ಮೇಲೆ ಸ್ಕ್ರೂ ಬೇಕು. ಹಾಗಾಗಿ ಡಾಗ್ ಸವೆದ ಎರಡು ತುಂಡಿನ ಅಜಿಟೇಟರ್, ಹಳೆಯ ಒಂದೇ ತುಂಡಿನದಕ್ಕಿಂತಲೂ ಕಳಪೆಯಾಗಿ ಒಗೆಯುತ್ತದೆ.

ಕಪ್ಪು ಬೇಕಲೈಟ್‌ನ ಅಜಿಟೇಟರ್ ಇರುವ ಯಂತ್ರ ಯಾರ ಬಳಿಯಾದರೂ ಇದ್ದರೆ ಅದನ್ನು ಬಡಿಯಬೇಡಿ, ಮೀಟಬೇಡಿ. ಗಾಜಿನಂತೆ ಒಡೆಯುತ್ತದೆ. ರೆಕ್ಕೆಯ ಅಂಚು ಒರಟಾಗಿದೆಯೇ ನೋಡಲು ಒಂದು ತುಂಡು ಹತ್ತಿಯನ್ನು ಅದರ ಮೇಲೆ ಸವರಿ. ಎಳೆ ಸಿಕ್ಕಿದ ಜಾಗವೇ ಬಟ್ಟೆ ಹರಿಯುವ ಜಾಗ. 400 ನಂಬರ್ ವಾಟರ್ ಪೇಪರ್, ಆಮೇಲೆ 800, ನೀರು ಹಾಕಿ ಉಜ್ಜಿದರೆ ನುಣುಪಾಗುತ್ತದೆ.

ಭಾಗಮಂಡಲ_ನೀರು

ಅಮೆರಿಕದ ವಾಲ್ವ್ ಬಗ್ಗೆ ಯಾರೂ ಹೇಳಲಿಲ್ಲ. ಅವಕ್ಕೆ ಕನಿಷ್ಠ 20 ಪಿ.ಎಸ್.ಐ. ಒತ್ತಡ ಬೇಕು, ಅಂದರೆ ಸುಮಾರು 14 ಮೀಟರ್ ಎತ್ತರದ ನೀರು. ತಾರಸಿಯ ಟ್ಯಾಂಕ್ 3–4 ಮೀಟರ್ ಮಾತ್ರ. ನೀರು ನಿಧಾನ ತುಂಬುವುದಷ್ಟೇ ಅಲ್ಲ, ಕೆಲವೊಮ್ಮೆ ವಾಲ್ವ್ ಪೂರ್ತಿ ಮುಚ್ಚುವುದೂ ಇಲ್ಲ, ಏಕೆಂದರೆ ಒಳಗಿನ ರಬ್ಬರ್ ಪರದೆಯನ್ನು ಒತ್ತಿ ಮುಚ್ಚುವುದು ನೀರಿನ ಒತ್ತಡವೇ. ರಾತ್ರಿಯೆಲ್ಲ ತೊಟ್ಟಿಕ್ಕಿ ಟಬ್ ತುಂಬುತ್ತದೆ. ಒಗೆದಾದ ಮೇಲೆ ನಲ್ಲಿ ನಿಲ್ಲಿಸಿ. ಬಕೆಟ್‌ನಲ್ಲಿ ತುಂಬಿದರೂ ನಡೆಯುತ್ತದೆ, ಮಟ್ಟ ಬಂದೊಡನೆ ಪ್ರೆಶರ್ ಸ್ವಿಚ್ ತಾನೇ ಅಜಿಟೇಟರ್ ಶುರು ಮಾಡುತ್ತದೆ.

ಗುಡ್ಡದ ಊಟೆಯಿಂದ ಪೈಪಿನಲ್ಲಿ ನೇರವಾಗಿ ನೀರು ತಂದವರಿಗೆ ಇದರ ಉಲ್ಟಾ. 100 ಮೀಟರ್ ಇಳಿಜಾರು ಇದ್ದರೆ ಒತ್ತಡ 10 ಬಾರ್, ಹೋಸ್ ಕಿತ್ತು ಹೋಗುತ್ತದೆ. ನಡುವೆ ಒಂದು ತೊಟ್ಟಿ ಕಟ್ಟಿ ಒತ್ತಡ ಮುರಿಯಿರಿ. ಮಳೆಗಾಲದಲ್ಲಿ ಹೋಸ್ ಸೇರುವಲ್ಲಿನ ಪುಟ್ಟ ಜಾಲರಿಯನ್ನು ವಾರಕ್ಕೊಮ್ಮೆ ತೆಗೆದು ತೊಳೆಯಿರಿ, ಮಣ್ಣು ಕಟ್ಟುತ್ತದೆ.

ಕುಶಾಲನಗರ_ಟ್ವಿನ್‌ಟಬ್

ಪಲ್ಸೇಟರ್ ಪರವಾಗಿಯೂ ಒಂದು ಮಾತು. ನಡುವೆ ಕಂಬ ಇಲ್ಲದ್ದರಿಂದ ಬೆಡ್‌ಶೀಟ್, ತೆಳು ಹೊದಿಕೆ ಸಲೀಸು. ನೀರೂ ಕಡಿಮೆ ಸಾಕು. ಬಿಡಿಭಾಗ ಎಲ್ಲ ಪೇಟೆಯಲ್ಲೂ ಸಿಗುತ್ತದೆ. ತಳದ ತಟ್ಟೆಗೆ ಒಂದೇ ಸ್ಕ್ರೂ, ಅದನ್ನು ತೆಗೆದು ಅಡಿಯ ದಾರ, ಕೂದಲು ತೆಗೆದರೆ ಮತ್ತೆ ಹೊಸದರಂತೆ. ಕೊರತೆ ಎಂದರೆ ಬಟ್ಟೆ ಗಂಟು ಬೀಳುವುದು ಹೆಚ್ಚು, ಕೆಸರಿನ ಪ್ಯಾಂಟಿಗೆ ಅಜಿಟೇಟರ್‌ನಷ್ಟು ಒಗೆತ ಬರುವುದಿಲ್ಲ.

ರಿಪೇರಿ_ಮಡಿಕೇರಿ

ನಿಜ. ತೋಟದ ಕೆಲಸದ ಬಟ್ಟೆಗೆ ಅಜಿಟೇಟರ್, ಹೊದಿಕೆಗೆ ಪಲ್ಸೇಟರ್ ಅನ್ನುವುದೇ ನನ್ನ ಅಭಿಪ್ರಾಯ. ಸರಿಯಿರುವ ಗೇರ್ ಬಾಕ್ಸನ್ನು ನಾಲ್ಕು ಪ್ಲಾಸ್ಟಿಕ್ ತುಂಡಿಗಾಗಿ ಎಸೆಯುವುದು ಅನ್ಯಾಯ.

ತೋಟದಮನೆ_ಗೋಣಿಕೊಪ್ಪ

ಬಿಚ್ಚಿದೆ. ನಾಲ್ಕೂ ಡಾಗ್ ದುಂಡಗಾಗಿವೆ, ಕ್ಯಾಮ್ ಚೆನ್ನಾಗಿದೆ, ಸ್ಪ್ಲೈನ್ ಚೂಪಾಗಿದೆ. ರೆಕ್ಕೆಯ ಅಡಿಯಲ್ಲಿ ಬೂದು ಬಣ್ಣದ ಲೋಳೆ ದಪ್ಪಕ್ಕೆ ಕಟ್ಟಿತ್ತು. ಒಗೆಯುವಾಗ ಒಳಟಬ್ ಕೂಡ ಸ್ವಲ್ಪ ಆಡುತ್ತಿತ್ತು, ಅದು ತೊಂದರೆಯಾ? ಡಾಗ್ ಇಲ್ಲಿ ಸಿಗುತ್ತಿಲ್ಲ, ಆನ್‌ಲೈನ್ ತರಿಸುವಾಗ ಏನು ನೋಡಬೇಕು?

ರಿಪೇರಿ_ಮಡಿಕೇರಿ

ಲೋಳೆ ಎಂದರೆ ಸಾಫ್ಟ್‌ನರ್ ಮತ್ತು ಕರಗದ ಸೋಪು. ವಾಸನೆಯ ಮೂಲವೂ ಅದೇ. ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಮೊದಲು ಅಜಿಟೇಟರ್ ಎತ್ತಿ ತೊಳೆಯಿರಿ. ಒಗೆದ ಮೇಲೆ ಮುಚ್ಚಳ ತೆರೆದಿಡಿ.

ಟಬ್ ಒಂದೆರಡು ಇಂಚು ಹಿಂದೆ ಮುಂದೆ ಆಡುವುದು ಸಹಜ. ರೆಕ್ಕೆಯ ಜೊತೆಗೇ ಪೂರ್ತಿ ತಿರುಗುತ್ತಿದ್ದರೆ ಮಾತ್ರ ಬ್ರೇಕ್ ಸವೆದಿದೆ. ಆಗ ರೆಕ್ಕೆಗೂ ಟಬ್ಬಿಗೂ ನಡುವಿನ ಓಟ ಕಡಿಮೆಯಾಗಿ ಒಗೆತ ಕೆಡುತ್ತದೆ. ಮುಂದೆ ಯಾವತ್ತಾದರೂ ನೀರು ಹೊರಹೋಗುತ್ತಿದೆ, ಆದರೆ ಒಗೆತವೂ ಇಲ್ಲ ಸ್ಪಿನ್ನೂ ಇಲ್ಲ ಅಂತಾದರೆ ಮೊದಲು ಕಪ್ಲರ್ ನೋಡಿ. ಪಂಪ್ ಮೋಟರ್‌ನ ಇನ್ನೊಂದು ತುದಿಯಲ್ಲಿರುವುದರಿಂದ ಕಪ್ಲರ್ ಮುರಿದರೂ ಅದು ಓಡುತ್ತದೆ. ಎರಡು ಪ್ಲಾಸ್ಟಿಕ್ ತುಂಡು, ನಡುವೆ ರಬ್ಬರ್. ಗೇರ್ ಬಾಕ್ಸ್ ಉಳಿಯಲಿ ಎಂದೇ ಅದು ಮೊದಲು ಮುರಿಯುವುದು.

ಡಾಗ್ ತರಿಸುವಾಗ ಯಂತ್ರದ ಮಾಡೆಲ್ ನಂಬರ್ ಕೊಟ್ಟು ಕೇಳಿ, ಮುಚ್ಚಳದ ಕೆಳಗಿನ ಅಂಚಿನಲ್ಲಿ ಚೀಟಿ ಇರುತ್ತದೆ. ನಾಲ್ಕರ ಸೆಟ್ ಅಂತಲೇ ಸಿಗುತ್ತದೆ, ಎರಡು ಸೆಟ್ ತರಿಸಿಟ್ಟುಕೊಳ್ಳಿ, ಬೆಲೆ ಹೆಚ್ಚಿಲ್ಲ. ಬಂದ ಮೇಲೆ ಹಳೆಯದರ ಪಕ್ಕ ಇಟ್ಟು ಉದ್ದ, ತೂತಿನ ಅಳತೆ ಹೋಲಿಸಿ ನೋಡಿ. ಜೋಡಿಸಿ ಬೋಲ್ಟ್ ಹಾಕುವ ಮೊದಲೇ ಕೈಯಲ್ಲಿ ತಿರುಗಿಸಿ, ಒಂದು ಕಡೆ ಸಲೀಸು, ಇನ್ನೊಂದು ಕಡೆ ಕಚ್ಚು ಬಂತೇ ಅಂತ ಖಾತ್ರಿ ಮಾಡಿಕೊಳ್ಳಿ. ಬೋಲ್ಟ್ ಬಿಗಿಯಾದರೆ ಸಾಕು, ಉದ್ದ ಹಿಡಿ ಹಾಕಿ ಎಳೆದು ಕೂರಿಸಬೇಡಿ. ಒಳಮುಚ್ಚಳದ ರಬ್ಬರ್ ರಿಂಗ್ ಕೂರಿಸಿ, ಮೊದಲ ಸಲ ಬಟ್ಟೆ ಇಲ್ಲದೆ ಬರೀ ನೀರಲ್ಲಿ ಐದು ನಿಮಿಷ ಓಡಿಸಿ. ಮೇಲಿನ ಕಂಬ ಹೊಡೆತಕ್ಕೊಂದು ಹೆಜ್ಜೆ ಸರಿಯುತ್ತಿದ್ದರೆ ಬಟ್ಟೆ ಹಾಕಬಹುದು.